ಅಚ್ಚಿನ ವಂತಿಗೆ

2014ರ ದಸರಾಕ್ಕೆ ಜರ್ಮನಿಯಿಂದ ಬಂದ ನನ್ನ ಅಕ್ಕನ ಮಗ, ಪೆಟ್ಟಿಗೆಯಿಂದ ಚಾಕಲೇಟಿನ ಜೊತೆಗೆ ಹಳದಿಗಟ್ಟಿದ ಕೀಬೋರ್ಡೊಂದನ್ನೂ ತೆಗೆದ.

"ಕೀಬೋರ್ಡ್ ಅಲ್ಲ ಮಾವ, ಕಂಪ್ಯೂಟರೇ ಇದು. ಕಮೊಡೋರ್ 64ಸಿ. ಭಾನುವಾರದ ಹಳೇ ಸಾಮಾನಿನ ಸಂತೇಲಿ ಸಿಕ್ತು. ಮುಚ್ಚಳ ಸೀಳಿದೆ. ಹೊಸದೊಂದು ಮಾಡಿಕೊಡ್ತೀರಾ?"

"ಒಂದು ಬೇಕೋ, ಸಾವಿರ ಬೇಕೋ?"

"ಒಂದೇ."

"ಹಾಗಾದ್ರೆ ಆಗಲ್ಲ ಕಣೋ. ಸಾವಿರ ಆದ್ರೆ ನೋಡಬಹುದು."

ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡ. ನಾನು ಲೆಕ್ಕ ಹೇಳುತ್ತಿದ್ದೆ. ಬೆಂಗಳೂರಿನ ರಾಜಾಜಿನಗರದ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ, ಜಿಟಿಟಿಸಿಯಲ್ಲಿ ಟೂಲ್ ಆ್ಯಂಡ್ ಡೈ ಕಲಿತವನು ನಾನು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಹುಟ್ಟಿದ ಸಂಸ್ಥೆ ಅದು. ಅಲ್ಲಿಂದ ಪೀಣ್ಯಕ್ಕೆ ಹೋಗಿ ಮೂವತ್ತು ವರ್ಷ ಪ್ಲಾಸ್ಟಿಕ್ ಅಚ್ಚುಗಳನ್ನೇ ಕೊರೆದೆ. ಮುಚ್ಚಳದಲ್ಲಿರುವ ಪ್ಲಾಸ್ಟಿಕ್ಕಿಗೆ ಏನು ಬೆಲೆ? ಒಂದು ಊಟದಷ್ಟೂ ಇಲ್ಲ. ಆದರೆ ಅದನ್ನು ಹೆರುವ ಉಕ್ಕಿನ ಅಚ್ಚಿಗೆ ಲಕ್ಷಗಟ್ಟಲೆ ಬೇಕು. ಕೋರ್, ಕ್ಯಾವಿಟಿ, ನೀರಿನ ದಾರಿ, ಮುಚ್ಚಳವನ್ನು ಅಚ್ಚಿನಿಂದ ಹೊರದೂಡುವ ಎಜೆಕ್ಟರ್ ಪಿನ್ನು, ಮೇಲ್ಮೈಯ ಒರಟು ನೇಯ್ಗೆ, ಇಷ್ಟೆಲ್ಲ ಮುಗಿದು ಮೊದಲ ಶಾಟ್, ಅಂದರೆ ಮೊದಲ ಮುಚ್ಚಳ, ಬೀಳುವಾಗ ದುಡ್ಡೆಲ್ಲ ಖರ್ಚಾಗಿ ಹೋಗಿರುತ್ತದೆ. ಆಮೇಲೆ ಬೀಳುವುದೆಲ್ಲ ಪುಕ್ಕಟೆ ಅಂದರೂ ನಡೆಯುತ್ತದೆ.

ಕಮೊಡೋರ್ ಕಂಪನಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಕಟ್ಟಿದವನು ಜಾಕ್ ಟ್ರಾಮಿಯೆಲ್. ಪೋಲೆಂಡಿನ ಲೋಜ್ ಊರಿನ ಯಹೂದಿ. ಆಶ್‌ವಿಟ್ಸ್ ಶಿಬಿರದಿಂದ ಬದುಕಿ ಬಂದು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಟೈಪ್‌ರೈಟರ್ ರಿಪೇರಿ ಅಂಗಡಿ ಇಟ್ಟವನು. ರಿಪೇರಿಯವನಿಗೆ ಕಾಸಿನ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. 1982ರಲ್ಲಿ ಕಮೊಡೋರ್ 64 ಹೊರಟಾಗ ಅದಕ್ಕೆ ಹೊಸ ಕವಚವನ್ನೇ ಮಾಡಿಸಲಿಲ್ಲ. ಹಿಂದಿನ ವಿಕ್-20 ಯಂತ್ರದ ಆಕಾರದಲ್ಲೇ, ಬಣ್ಣ ಬದಲಿಸಿ ಕೂರಿಸಿದರು. ಇದನ್ನು ಓದಿದಾಗ ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿತು. ಇದ್ದ ಅಚ್ಚು ಬಿಟ್ಟು ಹೊಸದಕ್ಕೆ ಕೈಹಾಕುವವನು ಒಂದೋ ಶ್ರೀಮಂತ, ಇಲ್ಲವೋ ಹೊಸಬ. 1984ರ ಜನವರಿಯಲ್ಲಿ ಆತ ಕಂಪನಿ ಬಿಟ್ಟ. ತೆಳುವಾದ ಹೊಸ ಕವಚದ 64ಸಿ ಬಂದದ್ದು 1986ರಲ್ಲಿ, ಆತ ಹೋದ ಮೇಲೆ.

ಕೋಟಿಗೂ ಹೆಚ್ಚು ಯಂತ್ರ ಮಾರಿದ ಕಂಪನಿ 1994ರ ಏಪ್ರಿಲ್‌ನಲ್ಲಿ ದಿವಾಳಿಯಾಯಿತು. ನನ್ನ ಅಳಿಯ ಇರುವ ಬ್ರೌನ್‌ಶ್ವೈಗ್‌ನಲ್ಲೇ ಅದರ ದೊಡ್ಡ ಕಾರ್ಖಾನೆಯೊಂದಿತ್ತು. ಕಾರ್ಖಾನೆ ಮುಚ್ಚಿದಾಗ ಅಚ್ಚುಗಳ ಗತಿ ಏನಾಗುತ್ತದೆ ಅನ್ನುವುದನ್ನು ಪೀಣ್ಯದಲ್ಲಿ ಕಣ್ಣಾರೆ ಕಂಡಿದ್ದೇನೆ. ಆರು ತಿಂಗಳು ಕೂತು ಮೈಕ್ರಾನ್ ಲೆಕ್ಕದಲ್ಲಿ ತೀಡಿದ್ದನ್ನು ಗುಜರಿಯವನು ಕೆಜಿ ಲೆಕ್ಕದಲ್ಲಿ ಒಯ್ಯುತ್ತಾನೆ. ಎಣ್ಣೆ ಬಳಿಯದೆ ಎರಡು ಮಳೆಗಾಲ ಬಿಟ್ಟರೆ ಗುಜರಿಯವನೂ ಬೇಡ, ತುಕ್ಕೇ ತಿಂದು ಮುಗಿಸುತ್ತದೆ.

ಹಾಗಾಗಿ ನಾಲ್ಕಾರು ತಿಂಗಳ ಮೇಲೆ ಅಳಿಯ ಫೋನು ಮಾಡಿ, "ಮಾವ, 64ಸಿಯ ಅಚ್ಚು ಟೆಕ್ಸಾಸ್‌ನಲ್ಲಿ ಸಿಕ್ಕಿದೆಯಂತೆ. ಅಸಲಿ ಅಚ್ಚೇ," ಅಂದಾಗ ನಾನು ನಂಬಲಿಲ್ಲ. ನಿಜವಿತ್ತು. ಅಲ್ಲಿನ ಹವ್ಯಾಸಿಯೊಬ್ಬರು ಅದನ್ನು ಕೊಂಡು, ಮತ್ತೆ ಶಾಟ್ ಹೊಡೆಸಲು ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಕೂಡಿಸಲು ಹೊರಟಿದ್ದರು. ಅಚ್ಚು ಇದ್ದರೂ ಅದನ್ನು ಎತ್ತುವಂಥ ಮಷೀನು ಬೇಕು. ಮಷೀನಿಗೇರಿಸಿ ಬಿಸಿ ಮಾಡಿ ಹದಕ್ಕೆ ತರುವಷ್ಟರಲ್ಲೇ ಎಷ್ಟೋ ಶಾಟ್ ರದ್ದಿಗೆ ಹೋಗುತ್ತವೆ. ಹತ್ತು ಮುಚ್ಚಳಕ್ಕೆ ಯಾರೂ ಮಷೀನು ಕೊಡುವುದಿಲ್ಲ.

ಈ ಕಿಕ್‌ಸ್ಟಾರ್ಟರ್ ನ್ಯೂಯಾರ್ಕಿನಲ್ಲಿ 2009ರಲ್ಲಿ ಶುರುವಾದದ್ದು. ಗುರಿಯ ಮೊತ್ತ ತುಂಬಿದರೆ ಮಾತ್ರ ದುಡ್ಡು ಕೈ ಬದಲಾಗುತ್ತದೆ, ತುಂಬದಿದ್ದರೆ ಯಾರ ಜೇಬಿನಿಂದಲೂ ಕಾಸು ಹೋಗುವುದಿಲ್ಲ. ಅಳಿಯ ಇದನ್ನೆಲ್ಲ ಬಿಡಿಸಿ ಹೇಳುತ್ತಿದ್ದರೆ ನನಗೆ ನಮ್ಮೂರ ತೇರು ನೆನಪಾಯಿತು. ಗಾಲಿ ಸೀಳಿದ ವರ್ಷ ಮನೆಗಿಷ್ಟು ಅಂತ ವಂತಿಗೆ ಎತ್ತಿದರು. ಗೌಡರು ಮಾತ್ರ, ಪೂರ್ತಿ ಕೂಡುವವರೆಗೆ ಬಡಗಿಗೆ ಮುಂಗಡ ಕೊಡಕೂಡದು ಅಂದಿದ್ದರು. ಅರ್ಧ ಗಾಲಿಯಿಂದ ತೇರು ಎಳೆಯಲಾಗದಲ್ಲ! ಅಳಿಯ ಇದಕ್ಕೆ ನಕ್ಕ, ಆದರೂ ವಂತಿಗೆ ಕೊಟ್ಟ. ಗುರಿ ಮುಟ್ಟಿತು. ಕಮೊಡೋರ್ ಎಂದೂ ಮಾರದ ಬಣ್ಣಗಳಲ್ಲಿ, ಕೆಂಪು, ನೀಲಿ, ಪಾರದರ್ಶಕ, ಕವಚಗಳು ಬಂದವು. ಮುಂದೆ ಆ ಅಚ್ಚು ಜರ್ಮನಿಗೇ ಹೋಯಿತು.

ಅಚ್ಚು ಸಿಗದವರ ಕಥೆ ಕಷ್ಟದ್ದು. ಕಮೊಡೋರ್‌ನದೇ ಇನ್ನೊಂದು ಕಂಪ್ಯೂಟರ್ ಅಮಿಗಾ 1200 ಬಂದದ್ದು 1992ರಲ್ಲಿ. ಅದರ ಕವಚಕ್ಕೆ ಅಭಿಮಾನಿಗಳು ಹೊಸದಾಗಿಯೇ ಅಚ್ಚು ಕೊರೆಸಬೇಕಾಯಿತು. ಲಕ್ಷ ಯೂರೋ ದಾಟಿದ ವಂತಿಗೆ ಕೂಡಿತು. ಹಳೆಯ ಕವಚವನ್ನೇ ಅಳೆದು ಅಚ್ಚು ಮಾಡಿದರಾಯಿತಲ್ಲ ಅನ್ನುವವರುಂಟು. ಆಗದು. ಎಬಿಎಸ್ ಪ್ಲಾಸ್ಟಿಕ್ ಆರುವಾಗ ಸುಮಾರು ಅರ್ಧ ಶೇಕಡಾ ಕುಗ್ಗುತ್ತದೆ. ನಲವತ್ತು ಸೆಂಟಿಮೀಟರ್ ಅಗಲದ ಮುಚ್ಚಳಕ್ಕೆ ಅದು ಎರಡು ಮಿಲಿಮೀಟರ್. ಕುಗ್ಗಿದ್ದನ್ನು ಹಾಗೇ ಅಳೆದು ಅಚ್ಚು ಮಾಡಿದರೆ ಅದು ಮತ್ತೊಮ್ಮೆ ಕುಗ್ಗಿ, ಸ್ಕ್ರೂ ತೂತು ಒಂದಕ್ಕೊಂದು ಕೂರುವುದಿಲ್ಲ. ಅಮಿಗಾದವರು ಆಕಾರವನ್ನು ಕಂಪ್ಯೂಟರಿನಲ್ಲೇ ಮತ್ತೆ ಬರೆದು, ಒಳಗೆ ರಾಸ್ಪ್‌ಬೆರಿ ಪೈಯಂಥ ಹೊಸ ಬೋರ್ಡುಗಳೂ ಕೂರುವಂತೆ ಮಾಡಿದರು. ಅದು ರಿಪೇರಿಯೋ, ಹೊಸ ಮನೆಯೋ, ಅವರೇ ಹೇಳಬೇಕು.

ಇನ್ನು ಬಣ್ಣದ ಜಗಳ. ಬೆಂಕಿ ಹಿಡಿಯದಿರಲೆಂದು ಆ ಕಾಲದ ಪ್ಲಾಸ್ಟಿಕ್ಕಿಗೆ ಬ್ರೋಮಿನ್ ಇರುವ ಮದ್ದು ಬೆರೆಸುತ್ತಿದ್ದರು. ಬಿಸಿಲು, ವಯಸ್ಸು ಎರಡೂ ಸೇರಿ ಎಲ್ಲ ಹಳದಿ. 2008ರ ಹೊತ್ತಿಗೆ ಹವ್ಯಾಸಿಗಳು ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಟ್ಟು ಬಿಳಿ ಮಾಡುವ ಉಪಾಯ ಕಂಡುಕೊಂಡು ಅದಕ್ಕೆ ರೆಟ್ರೋಬ್ರೈಟ್ ಅಂತ ಹೆಸರಿಟ್ಟರು. ಆದರೆ ಒಂದೊಂದು ಯಂತ್ರ ಒಂದೊಂದು ಹಳದಿ. ಕವಚದ ಹಾಗೆ ಕೀಬೋರ್ಡಿನ ಕೀಗಳನ್ನೂ ಹೊಸದಾಗಿ ಮಾಡಹೊರಟವರು ಯಾವ ಬಣ್ಣ ಕಲಸಬೇಕು? 1986ರ ಬಣ್ಣ ಯಾರ ಕಣ್ಣಲ್ಲಿ ಉಳಿದಿದೆ? ಅಳಿಯನ ಮಾತು ಕೇಳಿ ನಾನೂ ಒಂದು ಕಡೆ ಕೀಗಳಿಗೆ ವಂತಿಗೆ ಕಟ್ಟಿದ್ದೆ. ಎರಡು ವರ್ಷ ತಡವಾಗಿ ಬಂದವು, ಅದೂ ಬೂದಿಗೆ ಹತ್ತಿರದ ಬಣ್ಣದಲ್ಲಿ. ಜನ ಮೋಸ ಮೋಸ ಅಂತ ಕೂಗಾಡಿದರು. ನಾನು ಬೈಯಲಿಲ್ಲ. ಮೊದಲ ಟ್ರಯಲ್‌ನಲ್ಲೇ ಪಾಸಾದ ಅಚ್ಚನ್ನು ನನ್ನ ಸರ್ವೀಸಿನಲ್ಲಿ ನೋಡಿಲ್ಲ. ಆದರೆ ಎರಡು ವರ್ಷ ಒಂದು ಕಾಗದವನ್ನೂ ಬರೆಯದೆ ಕೂತದ್ದು ತಪ್ಪು. ಪೀಣ್ಯದಲ್ಲಾಗಿದ್ದರೆ ಗಿರಾಕಿ ಬಂದು ಗೇಟಿನಲ್ಲೇ ಕೂರುತ್ತಿದ್ದ.

ಅಳಿಯನಿಗೆ ಮುಚ್ಚಳ ಬಂತು, ಪಾರದರ್ಶಕದ್ದು. ಮುಂದಿನ ರಜೆಗೆ ಬಂದಾಗ ಸೀಳಿದ ಹಳೆಯದನ್ನೂ ಜೊತೆಗೆ ತರಿಸಿಕೊಂಡೆ. ಅವನು ಹೊರಗಿನ ಹೊಳಪು ತೋರಿಸುತ್ತಿದ್ದ. ನಾನು ಎರಡನ್ನೂ ಮಗುಚಿ ಹೊಟ್ಟೆಯ ಕಡೆ ಕನ್ನಡಕ ಇಳಿಸಿದೆ. ಎಜೆಕ್ಟರ್ ಪಿನ್ನಿನ ದುಂಡು ಗುರುತುಗಳು ಎರಡರಲ್ಲೂ ಅದದೇ ಜಾಗದಲ್ಲಿ. ಒಂದು ಮೂಲೆಯಲ್ಲಿ ಕೂದಲೆಳೆಯಂಥ ಏಣು, ಅದೂ ಎರಡರಲ್ಲೂ. ಉಕ್ಕಿನ ಮೇಲೆ ಯಾವನೋ ಫಿಟ್ಟರ್‌ನ ಉಳಿ ಜಾರಿದ್ದಿರಬೇಕು.

"ಏನು ಮಾವ, ಡಿಫೆಕ್ಟಾ?"

"ಇಲ್ಲ ಕಣೋ," ಅಂದೆ. "ಕಾಫಿ ಕುಡಿದ್ಯಾ?"