ಎರವು: ಆತುರಶಾಲೆಯ ಉಪಕರಣಗಳೂ ಮಿತಾಕ್ಷರೆಯ ನ್ಯಾಯವೂ

ಕೊಪ್ಪಳ ಜಿಲ್ಲೆಯ ಕುಕನೂರು ಶಾಸನಗಳಲ್ಲಿ ಕುಕ್ಕನೂರೆಂದು ಕರೆಯಿಸಿಕೊಂಡಿರುವ ಪ್ರಾಚೀನ ಸ್ಥಳ. ಅಲ್ಲಿಯ ನವಲಿಂಗ ದೇವಾಲಯವನ್ನೂ ಮಹಾಮಾಯೆಯ ಗುಡಿಯನ್ನೂ ನೋಡಲು ಹೋದವರು ಸಮೀಪದ ಇಟಗಿಯನ್ನು ನೋಡದೆ ಹಿಂದಿರುಗುವುದು ಅಪೂರ್ವ. ಇಟಗಿಯ ಮಹಾದೇವ ದೇವಾಲಯವು ಚಾಳುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವನಿಂದ ಕ್ರಿ. ಶ. 1112ರಲ್ಲಿ ನಿರ್ಮಿತವಾದುದು. ಈ ಸೀಮೆಯ ಶಾಸನಗಳಲ್ಲಿ ಕಾಣುವುದು ಬಹುಮಟ್ಟಿಗೆ ದತ್ತಿಯ ಮಾತೇ. ಮತ್ತೆ ಹಿಂದಕ್ಕೆ ಪಡೆಯದಂತೆ ಕೊಟ್ಟದ್ದಕ್ಕೆ ಕಲ್ಲು ಬೇಕು. ಕೊಟ್ಟು ಹಿಂದಕ್ಕೆ ಪಡೆಯತಕ್ಕ ವಸ್ತುವಿಗೆ ಕಲ್ಲು ಕೊರೆಯಿಸುವವರು ಯಾರು? ಇಂದಿನ ಆಸ್ಪತ್ರೆಗಳಲ್ಲಿ ಎರವಿನ ಉಪಕರಣಗಳ ಲೆಕ್ಕವಿಡುವುದು ಬಹಳ ತೊಡಕಿನ ಕೆಲಸವಾಗಿದೆ. ಆ ತೊಡಕನ್ನು ನಮ್ಮ ಪೂರ್ವಿಕರು ಹೇಗೆ ವಿಚಾರಿಸಿದ್ದರೆಂಬುದು ಪ್ರಕೃತ ಲೇಖನದ ವಿಷಯ.

ಮೊದಲು ಶಬ್ದವಿಚಾರ. ಕನ್ನಡದಲ್ಲಿ ಸಾಲ ಬೇರೆ, ಎರವು ಬೇರೆ. ಸಾಲವಾಗಿ ತಂದ ಜೋಳವನ್ನು ಉಂಡು ಸುಗ್ಗಿಯಲ್ಲಿ ಬೇರೆ ಜೋಳವನ್ನು ಅಳೆದುಕೊಡಬಹುದು; ಎರವು ತಂದ ಕೊಪ್ಪರಿಗೆಯಾದರೋ ಅದೇ ಕೊಪ್ಪರಿಗೆಯಾಗಿ ಹಿಂದಿರುಗಬೇಕು. ‘ಎರೆ’ ಎಂದರೆ ಬೇಡು. ಬೇಡಿ ಪಡೆದದ್ದು ಎರವು. ಸಂಸ್ಕೃತದ ‘ಯಾಚಿತಕ’ ಶಬ್ದವೂ ‘ಯಾಚ್’ ಎಂಬ ಧಾತುವಿನಿಂದ ಇದೇ ಅರ್ಥದಲ್ಲಿ ಹುಟ್ಟಿದೆ. ಒಂದು ಇನ್ನೊಂದರ ಅನುವಾದವೆಂದು ಹೇಳಬೇಕಾಗಿಲ್ಲ. ಎರಡು ಭಾಷೆಗಳೂ ಒಂದೇ ಅನುಭವವನ್ನು ಕಂಡಿವೆ. ಎರವಾಗುವುದೆಂದರೆ ಅಗಲುವುದು, ಅನ್ಯವಾಗುವುದು ಎಂಬ ಅರ್ಥವೂ ಕನ್ನಡದಲ್ಲಿ ಉಂಟು. ಪ್ರಾಣಕ್ಕೆ ಎರವಾದನೆಂಬ ಮಾತನ್ನು ಆಸ್ಪತ್ರೆಯ ಪ್ರಸಂಗದಲ್ಲಿ ನೆನೆಯುವುದು ಹಿತವಲ್ಲವಾದರೂ ನೆನೆಯದೆ ಇರಲಾಗುವುದಿಲ್ಲ.

ಇಟಗಿಯ ದೇವಾಲಯವು ಎದ್ದ ಕಾಲಕ್ಕೇ, ಅದೇ ವಿಕ್ರಮಾದಿತ್ಯನ ಆಶ್ರಯದಲ್ಲಿ, ಕಲ್ಯಾಣದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ರಚಿಸಿದನು. ಅದರ ವ್ಯವಹಾರಾಧ್ಯಾಯದಲ್ಲಿ ಉಪನಿಧಿಯ ಪ್ರಕರಣವೊಂದಿದೆ. ಒಳಗಿರುವುದೇನೆಂದು ಹೇಳದೆ ಪೆಟ್ಟಿಗೆಯಲ್ಲಿಟ್ಟು ಒಪ್ಪಿಸಿದ ವಸ್ತು ಉಪನಿಧಿ. ಅದನ್ನು ಕೊಟ್ಟಂತೆಯೇ ಹಿಂದಿರುಗಿಸಬೇಕು. ರಾಜನಿಂದಾಗಲಿ ದೈವದಿಂದಾಗಲಿ ಕಳ್ಳರಿಂದಾಗಲಿ ಹೋದರೆ ಇಟ್ಟುಕೊಂಡವನು ತೆರಬೇಕಾಗಿಲ್ಲ. ಆದರೆ ಒಡೆಯನು ಕೇಳಿದ ಮೇಲೂ ಕೊಡದಿರುವಾಗ ನಷ್ಟವಾದರೆ ಅದರ ಬೆಲೆಯನ್ನೂ ಅಷ್ಟೇ ದಂಡವನ್ನೂ ತೆರಬೇಕು. ತನ್ನ ಇಚ್ಛೆಯಂತೆ ಬಳಸಿಕೊಂಡವನು ದಂಡಾರ್ಹನಲ್ಲದೆ ವೃದ್ಧಿಸಹಿತವಾಗಿ ಕೊಡತಕ್ಕವನು. ಇದೇ ವಿಧಿ ಯಾಚಿತಕಕ್ಕೂ ಸಲ್ಲುತ್ತದೆ. ಮದುವೆ ಮೊದಲಾದ ಸಮಾರಂಭಗಳಿಗೆಂದು ಬೇಡಿ ತಂದ ವಸ್ತ್ರಾಭರಣಗಳನ್ನು ವಿಜ್ಞಾನೇಶ್ವರನು ಉದಾಹರಿಸುತ್ತಾನೆ. ವೈದ್ಯನ ಶಸ್ತ್ರವನ್ನು ಹೇಳುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ವಿಚಾರವು ಕಾತ್ಯಾಯನನಲ್ಲಿದೆ. ಆತನ ಸ್ಮೃತಿಯು ನಷ್ಟವಾಗಿ, ನಿಬಂಧಕಾರರು ಉದ್ಧರಿಸಿದ ಶ್ಲೋಕಗಳು ಮಾತ್ರ ಉಳಿದಿವೆ. ಅವುಗಳನ್ನು ಪಾಂಡುರಂಗ ವಾಮನ ಕಾಣೆಯವರು 1933ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದರು. ಒಂದು ಕಾರ್ಯಕ್ಕೆಂದೋ ಒಂದು ಅವಧಿಗೆಂದೋ ಎರವು ಪಡೆದ ವಸ್ತುವನ್ನು, ಕಾರ್ಯವು ಅರ್ಧವಾಗಿರುವಾಗ ಒಡೆಯನು ಕೇಳಿದರೆ ಕೊಡಿಸತಕ್ಕದ್ದಲ್ಲ. ಒಡೆಯನ ಕಾರ್ಯವೇ ಅದಿಲ್ಲದೆ ಕೆಡುವಂತಿದ್ದರೆ ಮಾತ್ರ ನಡುವೆಯೂ ಕೊಡಿಸಬೇಕು. ಅವಧಿ ತುಂಬಿ ಕಾರ್ಯ ಮುಗಿದ ಮೇಲೂ ಕೇಳಿದರೆ ಕೊಡದಿದ್ದವನು, ಆ ವಸ್ತು ಹಾಳಾಗಲಿ ಕಳುವಾಗಲಿ, ಬೆಲೆ ತೆರಬೇಕು. ಒಂದು ವಾರ್ಡಿನ ಯಂತ್ರವು ಇನ್ನೊಂದು ವಾರ್ಡಿನ ರೋಗಿಗೆ ಹತ್ತಿಕೊಂಡಿರುವಾಗ ಮೊದಲಿನವರು ಅದನ್ನು ಕೇಳಿದರೆ ಏನು ಮಾಡತಕ್ಕದ್ದೆಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ನ್ಯಾಯವನ್ನು ನಾವು ಕಂಡಿಲ್ಲ.

ಆದರೆ ಈ ನ್ಯಾಯವೆಲ್ಲವೂ ಒಂದು ಊಹೆಯ ಮೇಲೆ ನಿಂತಿದೆ: ವಸ್ತುವು ಯಾರಲ್ಲಿದೆಯೆಂಬುದು ಒಡೆಯನಿಗೆ ಗೊತ್ತು. ಕೇಳಿದರಲ್ಲವೆ ಕೊಡದವನು ಅಪರಾಧಿಯಾಗುವುದು? ಕುಕನೂರಿನಂಥ ಊರಲ್ಲಿ ಕೊಪ್ಪರಿಗೆ ಯಾರ ಮನೆಗೆ ಹೋಯಿತೆಂಬುದು ಓಣಿಗೆಲ್ಲ ತಿಳಿದಿರುತ್ತದೆ. ಹಾಗಿದ್ದೂ ನಮ್ಮ ಹೆಣ್ಣುಮಕ್ಕಳು ಪಾತ್ರೆಗಳ ಮೇಲೆ ಹೆಸರು ಕೊರೆಯಿಸದೆ ಬಿಡುವುದಿಲ್ಲ. ದಿನಕ್ಕೆ ಮೂರು ಪಾಳಿಗಳಲ್ಲಿ ಜನ ಬದಲಾಗುವ ಆಸ್ಪತ್ರೆಯಲ್ಲಿ ಕೊರೆದ ಹೆಸರು ಒಡೆಯನಾರೆಂಬುದನ್ನು ತಿಳಿಸೀತು, ಎರವು ಪಡೆದವನನ್ನು ತಿಳಿಸದು.

ಹಿಂದಿನ ಆತುರಶಾಲೆಗಳಲ್ಲಿ ಈ ಲೆಕ್ಕವಿತ್ತೆ? ಬಳ್ಳಿಗಾವೆಯ ಕೋಡಿಯಮಠವು ನಾನಾ ರೋಗಿಗಳಿಗೆ ಔಷಧೋಪಚಾರ ದೊರೆಯುವ ಸ್ಥಾನವಾಗಿತ್ತೆಂದು 1162ರ ಶಾಸನದಿಂದ ತಿಳಿಯುತ್ತದೆ. ತಮಿಳುನಾಡಿನ ತಿರುಮುಕ್ಕೂಡಲಿನ ಶಾಸನವು, ಚೋಳ ವೀರರಾಜೇಂದ್ರನ ಕಾಲದ್ದು, ಇನ್ನೂ ವಿವರವಾದುದು: 15 ಹಾಸಿಗೆಗಳು, ವೈದ್ಯ, ಶಸ್ತ್ರಕ್ರಿಯೆ ಮಾಡುವವನು, ಮೂಲಿಕೆ ತರುವವರು, ಉಪಚಾರಕಿಯರು, ಸಂಗ್ರಹಿಸಿಡತಕ್ಕ ಔಷಧಗಳ ಹೆಸರು ಮತ್ತು ಪ್ರಮಾಣ. ಶಸ್ತ್ರಕ್ರಿಯೆ ಮಾಡುವವನಿದ್ದಾನೆ, ಶಸ್ತ್ರಗಳ ಪಟ್ಟಿಯಿಲ್ಲ. ಸುಶ್ರುತನು 101 ಯಂತ್ರಗಳನ್ನೂ 20 ಶಸ್ತ್ರಗಳನ್ನೂ ಎಣಿಸಿದ್ದಾನಾದ್ದರಿಂದ ಉಪಕರಣಗಳಿಗೆ ಕೊರತೆಯಿರಲಿಲ್ಲ. ಅವು ಶಾಲೆಯ ಸ್ವತ್ತಲ್ಲ, ವೈದ್ಯನ ಸ್ವಂತವಾಗಿದ್ದು ಅವನೊಡನೆ ಬಂದು ಅವನೊಡನೆಯೇ ಹೋಗುತ್ತಿದ್ದುವೆಂದು ನಮ್ಮ ಅಭಿಪ್ರಾಯ. ಶಾಲೆಯೇ ಒಡೆಯನಾಗದಿದ್ದಲ್ಲಿ ಎರವಿನ ಪ್ರಶ್ನೆಯೇ ಹುಟ್ಟುವುದಿಲ್ಲ.

ಲೆಕ್ಕದ ಕ್ರಮವು ಸ್ಪಷ್ಟವಾಗಿ ಕಾಣಸಿಗುವುದು ಸಿಂಹಳದಲ್ಲಿ. ಹತ್ತನೆಯ ಶತಮಾನದ ನಾಲ್ಕನೆಯ ಮಹಿಂದನು ಮಿಹಿಂತಲೆಯ ವಿಹಾರದಲ್ಲಿ ನೆಡಿಸಿದ ಶಿಲಾಶಾಸನಗಳ ಪ್ರಕಾರ ಪ್ರತಿದಿನದ ವೆಚ್ಚವನ್ನು ಪುಸ್ತಕದಲ್ಲಿ ಬರೆದು ಪೆಟ್ಟಿಗೆಯಲ್ಲಿ ಭದ್ರಪಡಿಸಬೇಕು. ತಿಂಗಳಿಗೊಮ್ಮೆ ಅದನ್ನು ಕೂಡಿಸಬೇಕು. ವರ್ಷದ ಲೆಕ್ಕವನ್ನು ಭಿಕ್ಷುಸಂಘದ ಮುಂದೆ ಮಂಡಿಸಬೇಕು. ಆ ವಿಹಾರಕ್ಕೆ ಸೇರಿದ ಆತುರಶಾಲೆಯ ಅವಶೇಷಗಳೂ ಔಷಧಸ್ನಾನದ ಕಲ್ಲಿನ ದೋಣಿಯೂ ಇಂದಿಗೂ ಅಲ್ಲಿವೆ.

ಅದಿರಲಿ. ಭಾರತದಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದವರು 2015ರ ಸುಮಾರಿನಲ್ಲಿ ಸರ್ಕಾರಿ ಆಸ್ಪತ್ರೆಗಳ ಉಪಕರಣಗಳನ್ನು ಎಣಿಸಿದಾಗ 29,115 ಸಂಸ್ಥೆಗಳಲ್ಲಿ 7,56,750 ಉಪಕರಣಗಳು ಲೆಕ್ಕಕ್ಕೆ ಸಿಕ್ಕಿದುವು; ರಾಜ್ಯಕ್ಕೆ ತಕ್ಕಂತೆ ಅವುಗಳಲ್ಲಿ ನೂರಕ್ಕೆ 13ರಿಂದ 34ರವರೆಗೆ ಕೆಲಸಕ್ಕೆ ಬಾರದ ಸ್ಥಿತಿಯಲ್ಲಿದ್ದುವು. ಎಣಿಸುವುದಕ್ಕೆ ಮುಂಚೆ ಇದು ತಿಳಿಯುವ ಬಗೆಯಿರಲಿಲ್ಲ. 2021ರ ಸಾಂಕ್ರಾಮಿಕದಲ್ಲಿ ಆಮ್ಲಜನಕದ ಯಂತ್ರಗಳು ಎರವಾಗಿ ಮನೆಮನೆಗೆ ಹೋದುವು. ಒಂದು ಮನೆಯಲ್ಲಿ ರೋಗಿ ಎದ್ದು ಕೂತ ಮೇಲೂ ಯಂತ್ರವು ಮೂಲೆಯಲ್ಲಿದ್ದರೆ ಇನ್ನೊಂದು ಮನೆಯಲ್ಲಿ ಉಸಿರಿಗೆ ಅದೇ ಬೇಕಾಗಿರುತ್ತದೆ. ಯಾರಿಗೆ, ಯಾವ ಕಾರ್ಯಕ್ಕೆ, ಎಂದಿನವರೆಗೆ ಎಂಬ ಮೂರು ಮಾತು ಬರೆದಿಲ್ಲದಲ್ಲಿ ಕಾತ್ಯಾಯನನ ನ್ಯಾಯವನ್ನು ನಡೆಸುವುದಾದರೂ ಹೇಗೆ?

ನಮ್ಮ ನಾಡಿನಲ್ಲಿ ಅಂಥ ಬರವಣಿಗೆ ಇರಲೇ ಇಲ್ಲವೆಂದು ಹೇಳುವುದು ದುಡುಕಾದೀತು. ಅದು ಇದ್ದಿರಬಹುದಾದ ಸ್ಥಳ ಕಲ್ಲಲ್ಲ, ಕಡತ. ಬಟ್ಟೆಗೆ ಕಪ್ಪು ಬಳಿದು ಮಡಿಸಿ ಬಳಪದಿಂದ ಬರೆಯುತ್ತಿದ್ದ ಈ ಲೆಕ್ಕದ ಪುಸ್ತಕದಲ್ಲಿ, ಸಂದಾಯವಾದುದನ್ನು ಒರಸಿ ಮತ್ತೆ ಬರೆಯಬಹುದಾಗಿತ್ತು. ಎರವು ಹಿಂದಿರುಗಿದೊಡನೆ ಅದರ ಗುರುತೂ ಅಳಿಯುತ್ತಿದ್ದಿರಬೇಕು. ಹಿಂದಿರುಗದ ಎರವುಗಳಷ್ಟೇ ಉಳಿದಿರಬಹುದು. ಸರ್ಕಾರಿ ಕಚೇರಿಯ ಕಾಗದದ ಕಟ್ಟಿಗೆ ನಾವು ಇಂದಿಗೂ ಕಡತವೆನ್ನುತ್ತೇವೆ. ಕುಕನೂರು, ಯಲಬುರ್ಗಾ, ಕುಷ್ಟಗಿ ಪ್ರಾಂತದ ಮಠಗಳಲ್ಲಾಗಲಿ ಹಳೆಯ ವೈದ್ಯರ ಮನೆಗಳಲ್ಲಾಗಲಿ ಇಂಥ ಕಡತಗಳು ಅಟ್ಟದ ಮೇಲಿದ್ದರೆ, ಅವುಗಳಲ್ಲಿ ಖಲ್ಲು, ತಕ್ಕಡಿ, ಕತ್ತರಿ, ಇಕ್ಕಳಗಳ ಎರವಿನ ಒಂದು ಸಾಲಾದರೂ ಒರಸದೆ ಉಳಿದಿದ್ದರೆ, ವಾಚಕರು ದಯವಿಟ್ಟು ಪತ್ರಿಕೆಗೆ ತಿಳಿಸಬೇಕಾಗಿ ಪ್ರಾರ್ಥನೆ.