ರಾಯರ ಕೆರೆ ಏರಿ ಮ್ಯಾಲೆ ಒಂದು ದಿನ, ಕಾಲುವೆ ದಂಡೆ ಮ್ಯಾಲೆ ಇನ್ನೊಂದು ದಿನ

ಹೊಸಪೇಟೆಯ ದಕ್ಷಿಣಕ್ಕೆ, ಸಂಡೂರು ಗುಡ್ಡಗಳ ನಡುವಿನ ಕಣಿವೆ ಬಾಯಿಗೆ ಅಡ್ಡಲಾಗಿ ಒಂದು ದೊಡ್ಡ ಏರಿ ಐತಿ. ರಸ್ತೆ ಅದರ ಮ್ಯಾಲೇ ಹಾದು ಹೋಗೋದರಿಂದ ಗಾಡಿಯಲ್ಲಿ ಹೋಗೋರಿಗೆ ಅದು ಕೆರೆ ಏರಿ ಅಂತ ಗೊತ್ತಾಗೋದೇ ಇಲ್ಲ. ಅದಿರಿನ ಲಾರಿ, ಕೆಂಪು ಧೂಳು, ಬಿಸಿಲು. ಅದಕ್ಕೆ ರಾಯರ ಕೆರೆ ಅಂತಾರ. ನೀರು ಮಾತ್ರ ಇಲ್ಲ.

ಎರಡನೇ ಬೆಳೆ ಭತ್ತ ಕೊಯ್ದು ಮುಗಿದ ಮ್ಯಾಲೆ ನಾವು ನಾಲ್ಕು ಜನ ರೈತ ಗೆಳೆಯರು ಎರಡು ದಿನ ಬಿಡುವು ಮಾಡಿಕೊಂಡಿದ್ವಿ. ಗೋವಾ, ಊಟಿ ಮಾತು ಬಂತು. ಕೊನೆಗೆ ನಮ್ಮ ಬಿಸಿಲುನಾಡನ್ನೇ ನೋಡೋಣ ಅಂತ ತೀರ್ಮಾನ ಆಯ್ತು. ಹಂಪಿ ಗುಡಿಗಳನ್ನ ಎಷ್ಟೋ ಸಲ ನೋಡೇವಿ. ಈ ಸಲ ನೀರು ಎಲ್ಲಿಂದ ಬಂತು, ಎಲ್ಲಿ ಹೋಯ್ತು ಅನ್ನೋದನ್ನಷ್ಟೇ ನೋಡೋದು ಅಂತ ಮಾತಾಡಿಕೊಂಡು ಹೊರಟ್ವಿ. ರೊಟ್ಟಿ, ಶೇಂಗಾ ಚಟ್ನಿಪುಡಿ ಮನೆಯಿಂದ. ಮಿರ್ಚಿ, ಮಂಡಕ್ಕಿ ಹೊಸಪೇಟೆಯಲ್ಲಿ.

ಈ ಕೆರೆ ಕಟ್ಟೋದನ್ನ ಕಣ್ಣಾರೆ ಕಂಡು ಬರೆದಿಟ್ಟವನು ಪೋರ್ಚುಗೀಸಿನ ಡೊಮಿಂಗೊ ಪಯಸ್. ಸುಮಾರು 1520ರ ಹೊತ್ತಿನ ಮಾತು, ಕೃಷ್ಣದೇವರಾಯನ ಕಾಲ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆ ಹಂಗ ಕೆಲಸ ಮಾಡ್ತಿದ್ರಂತೆ, ಕಾಲಡಿ ನೆಲವೇ ಕಾಣ್ತಿರಲಿಲ್ಲವಂತೆ. ರಾಯ ಕೆರೆ ಕೆಲಸವನ್ನ ತನ್ನ ದಳವಾಯಿಗಳಿಗೆ ಪಾಲು ಹಾಕಿ ಕೊಟ್ಟಿದ್ದ. ಜಾಗ ಮಾಡಾಕ ಒಂದು ಗುಡ್ಡವನ್ನೇ ಒಡೆಸಿದ್ದ. ಮೂರು ಹರದಾರಿಗೂ ದೂರದ ಇನ್ನೊಂದು ಕೆರೆಯಿಂದ ಗುಡ್ಡದ ಬುಡದಲ್ಲೇ ಕೊಳವೆ ಹಾಯಿಸಿ ನೀರು ತಂದಿದ್ರು. ಚಿತ್ತಾರ ಕೆತ್ತಿದ ಮೂರು ದೊಡ್ಡ ಕಂಬಗಳ ಮಾತೂ ಅದರಾಗ ಬರತೈತಿ. ಕೊಳವೆಗೆ ಸೇರಿ ಗದ್ದೆ ತೋಟಕ್ಕೆ ನೀರು ಬಿಡೋ ಕಂಬ ಅಂದ್ರೆ ಅದು ತೂಬು ಅಂತ ನಮಗೆ ಯಾರೂ ಹೇಳಬೇಕಿಲ್ಲ. ನಾವೂ ಹುಡುಕಿದ್ವಿ, ನಮ್ಮ ಕಣ್ಣಿಗೆ ಬೀಳಲಿಲ್ಲ.

ಏರಿ ಎರಡು ಮೂರು ಸಲ ಒಡೀತು. ಆಗ ಬಲಿ ಬೇಕು ಅಂತ ಹೇಳಿಕೆ ಆಯ್ತು. ಅರವತ್ತು ಜನರ ತಲೆ ಕಡಿಸಿದ್ರು, ಜತೆಗೆ ಕುದುರೆ, ಎಮ್ಮೆ ಅಂತ ಪಯಸ್ ಬರೀತಾನ. 1535ರ ಸುಮಾರಿಗೆ ಬರೆದ ನ್ಯೂನಿಜ್ ಪ್ರಕಾರ ಅವರು ಮರಣಕ್ಕೆ ತಕ್ಕ ಅಪರಾಧ ಮಾಡಿದ ಕೈದಿಗಳು. ಹಂಗಂತ ಬರೆದ್ರೆ ಓದೋರ ಮನಸ್ಸು ಹಗುರ ಆಗತೈತಿ ನೋಡ್ರಿ. ಇಬ್ಬರೂ ಒಂದು ಹೆಸರನ್ನೂ ಹೇಳಿಲ್ಲ. ಕೆರೆಗೆ ಹಾರವಾದ ಭಾಗೀರಥಿಗಾದ್ರೂ ಹಾಡಿನಲ್ಲಿ ಹೆಸರು ಉಳೀತು. ಏರಿ ಮ್ಯಾಲೆ ನಿಂತು ಇದನ್ನ ಹೇಳಿದಾಗ ನಮ್ಮ ಜತೆಗಿದ್ದ ಮಾವ ಚಪ್ಪಲಿ ಬಿಟ್ಟು ಕೈ ಮುಗಿದ. ಕಾಯೋ ಡಾಂಬರು, ಎರಡು ನಿಮಿಷ ಹಂಗೇ ನಿಂತಿದ್ದ.

ನ್ಯೂನಿಜ್ ಇನ್ನೊಂದು ಮಾತು ಹೇಳ್ತಾನ. ಹಗಲು ಕಟ್ಟಿದ್ದು ರಾತ್ರಿ ಬೀಳ್ತಿತ್ತು. ಗೋವಾದ ಪೋರ್ಚುಗೀಸ್ ಅಧಿಕಾರಿ ಕಳಿಸಿದ ಜೊವಾವ್ ದ ಲಾ ಪೊಂತೆ ಅನ್ನೋ ಕಲ್ಲುಕೆಲಸದ ಮೇಸ್ತ್ರಿ ಬಂದು ಸುಣ್ಣ ಸುಡಸ್ರಿ ಅಂದಾಗ, ಕಟ್ಟಡಕ್ಕೆ ಸುಣ್ಣ ಎದಕ್ಕೆ ಅಂತ ರಾಯ ನಕ್ಕನಂತೆ. ಗಾರೆ ಗೋಪುರ ಕಟ್ಟಿದ ಊರಿನ ರಾಯ ಸುಣ್ಣಕ್ಕೆ ನಕ್ಕ ಅನ್ನೋದನ್ನ ನಾನು ನಂಬೋದಿಲ್ಲ. ಪರದೇಶದವರು ತಮ್ಮ ಮೇಸ್ತ್ರಿಯನ್ನ ದೊಡ್ಡವನು ಮಾಡ್ಯಾರ.

ಆದ್ರೆ ಒಂದನ್ನ ನಂಬತೀನಿ. ಈ ನೀರಾವರಿ ಭೂಮಿಗೆ ರಾಯ ಒಂಬತ್ತು ವರ್ಷ ಕಂದಾಯ ಬಿಟ್ಟಿದ್ದ. ಗುಡ್ಡದ ಒರಟು ನೆಲ ಮಟ್ಟ ಮಾಡಿ, ಬದು ಹಾಕಿ, ಕೆಸರು ಕೂಡಿ ಗದ್ದೆ ಅಂತ ಆಗಾಕ ಎಷ್ಟು ವರ್ಷ ಹಿಡಿತೈತಿ ಅಂತ ಭೂಮಿ ಗೊತ್ತಿದ್ದೋರೇ ಆ ಲೆಕ್ಕ ಹಾಕಿರಬೇಕು. ಆಮ್ಯಾಲೆ 20,000 ಪರ್ದಾವ್, ಅಂದ್ರೆ ವರಹ, ಆದಾಯ ಬರ್ತಿತ್ತು ಅಂತ ನ್ಯೂನಿಜ್ ಬರೆದಾನ. ಆಗ ಹೊಸಪೇಟೆ ನಾಗಲಾಪುರ, ನಾಗಲಾದೇವಿ ಹೆಸರಿನಲ್ಲಿ ಕಟ್ಟಿಸಿದ ಹೊಸ ಪಟ್ಟಣ.

1900ರಲ್ಲಿ ವಿಜಯನಗರದ ಚರಿತ್ರೆ ಬರೆದ ರಾಬರ್ಟ್ ಸೀವೆಲ್, ಪೋರ್ಚುಗೀಸರು ಹೇಳಿದ ಕೆರೆ ಇದೇ ಅಂತ ಗುರುತಿಸಿದ. ಆ ಹೊತ್ತಿಗಾಗಲೇ ಅದು ಎಷ್ಟೋ ವರ್ಷದಿಂದ ಕೆಲಸಕ್ಕೆ ಬಾರದ ಕೆರೆ. ಯಾಕೆ ಸತ್ತಿತು? ನನ್ನ ಅನಿಸಿಕೆ ಹೇಳ್ತೀನಿ. ಹಿಂದೆ ಹೊಳೆ ಇಲ್ಲದ ಕೆರೆ ಇದು. ಗುಡ್ಡದ ಮಳೆ, ದೂರದ ಕೊಳವೆ, ಎರಡನ್ನೇ ನಂಬಿತ್ತು. ಕೊಳವೆ ನೋಡಿಕೊಳ್ಳೋರು ಇಲ್ಲವಾದ್ರೆ ಉಳಿಯೋದು ಗುಡ್ಡದ ಮಳೆ. ಅದರ ಸಂಗಾಟ ಕೆಂಪು ಮಣ್ಣು.

ಮರುದಿನ ಬೆಳಿಗ್ಗೆ ಕಮಲಾಪುರದ ಕಡೆ ಹೋದ್ವಿ. ಅಲ್ಲಿ ಬ್ಯಾರೆ ಲೋಕ. ರಾಯ ಕಾಲುವೆಯಿಂದ ತುಂಬೋ ಕಮಲಾಪುರ ಕೆರೆ, ಹಂಪಿ ಬಂಡೆಗಳ ಸಂದಿಯಲ್ಲೇ ಹರಿಯೋ ತುರ್ತು ಕಾಲುವೆ, ಅದರ ದಂಡೆಗೆ ಸುಗಂಧಿ ಬಾಳೆ, ಭತ್ತ. ಮಹಾನವಮಿ ದಿಬ್ಬದ ಹತ್ರ ಕಲ್ಲಿನ ತೊಟ್ಟಿ ಜೋಡಿಸಿದ ಮೇಲ್ಗಾಲುವೆ ಒಣಗಿ ನಿಂತೈತಿ, ಅದು ಅರಮನೆಗೆ ನೀರು ಒಯ್ಯತಿದ್ದದ್ದು. ಗದ್ದೆಗೆ ಒಯ್ಯತಿದ್ದದ್ದು ಇವತ್ತೂ ಹರೀತೈತಿ. 1565ರ ಯುದ್ಧ ಆಗಿ ಪಟ್ಟಣ ಸುಟ್ಟು, ದೊರೆಗಳು ಪೆನುಕೊಂಡೆಗೆ ಹೋದ್ರು. ಕಾಲುವೆ ಹೂಳು ತೆಗೆಯೋರು ಮಾತ್ರ ಎಲ್ಲೂ ಹೋಗಲಿಲ್ಲ. ಹೋಗಿದ್ರೆ ಕಾಲುವೆ ಉಳೀತಿರಲಿಲ್ಲ.

ಇವೆಲ್ಲ ಸಣ್ಣ ಸಣ್ಣ ಅಣೆಗಳು. ಹೊಳೆ ನಡುವಿನ ಬಂಡೆಯಿಂದ ಬಂಡೆಗೆ ಕಲ್ಲು ಜೋಡಿಸಿ, ನೀರನ್ನ ಒಂದಿಷ್ಟೇ ತಿರುಗಿಸೋದು. ಪ್ರವಾಹ ಬಂದ್ರೆ ಅಣೆ ಮ್ಯಾಲೇ ಹರಿದು ಹೋಗತೈತಿ, ಹೂಳೂ ಅದರ ಜತೆಗೇ. ನಮ್ಮ ಕಂಪ್ಲಿ ಕಾಲುವೆಯೂ ಇದೇ ವಂಶದ್ದು. ರಾಯ, ಬಸವಣ್ಣ ಕಾಲುವೆಗಳ ವಲ್ಲಭಾಪುರದ ಅಣೆ ಈಗ ತುಂಗಭದ್ರಾ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗೈತಿ. ಆ ಎರಡಕ್ಕೂ ಈಗ ಡ್ಯಾಮಿನದೇ ನೀರು. ಹೊಸಪೇಟೆ ಊರೊಳಗೆ ಅವು ಚರಂಡಿ ನೀರನ್ನೂ ಹೊತ್ತುಕೊಂಡು ಬರ್ತಾವ, ಅದು ಬ್ಯಾರೆ ಕತೆ.

ಸಂಜೆ ಡ್ಯಾಮಿನ ಹತ್ರ ಕೂತಾಗ ನಮ್ಮಲ್ಲಿ ವಾದ ಬಿತ್ತು. 1953ರಲ್ಲಿ ಡ್ಯಾಮ್ ಆದಾಗ ಹಿಡೀತಿದ್ದದ್ದು ಸುಮಾರು 133 ಟಿಎಂಸಿ, ಈಗಿನ ಲೆಕ್ಕ 105.79. ಉಳಿದ ಜಾಗದಲ್ಲಿ ಹೂಳು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟು ಕೊಚ್ಚಿ ಹೋದಾಗ, ಒಂದು ವಾರ ನಾವೆಲ್ಲ ಫೋನ್ ಹಿಡಕೊಂಡು ಕೂತಿದ್ವಿ, ಭತ್ತದ ಮಡಿ ಮರೆತು. ಸಿಂಧನೂರಿನ ಗೆಳೆಯ, 'ಡ್ಯಾಮ್ ಇಲ್ಲದಿದ್ರೆ ನಮ್ಮ ಕಡೆ ಇವತ್ತೂ ಜೋಳವೇ ಗತಿ, ಸಣ್ಣ ಅಣೆ ನಿಮ್ಮ ಹೊಳೆದಂಡೆಯೋರಿಗೆ ಸಾಕು' ಅಂದ. ಅವನ ಮಾತೂ ಖರೇನೇ. ಅವನ ಹೊಲಕ್ಕೂ ಹೊಳೆಗೂ ನಡುವೆ ಎಷ್ಟು ದೂರ ಅಂತ ನಾನು ನೋಡೀನಿ. 'ಹಂಗಾದ್ರೆ ಹೂಳಿಗೆ ಏನು ಮಾಡ್ತಿ?' ಅಂದ ಮಾವ. ಅದಕ್ಕೆ ಅವನೂ ಸುಮ್ಮನಾದ, ನಾವೂ ಸುಮ್ಮನಾದ್ವಿ.

ರಾಯರ ಕೆರೆ ಅಂಗಳದಲ್ಲಿ ಈಗ ಬೆಳೆ ಬೆಳೀತಾರ. ಅಲ್ಲಿ ಹೊಲ ಇರೋ ರೈತರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಮಾತು ತಿಳಿಸ್ರಿ: ಬಾವಿ, ಬೋರು ತೋಡುವಾಗ ಎಷ್ಟು ಅಡಿ ಮಣ್ಣು ಹೋದ ಮ್ಯಾಲೆ ಹಳೇ ನೆಲ ಸಿಗತೈತಿ?