ಪುರದ ಸಗಣಿ ಪುಸ್ತಕ

ನಿವೃತ್ತಿಯಾದ ಮೇಲೆ ನಾನೂ ನನ್ನ ಶ್ರೀಮತಿಯೂ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಒಂದು ಪುಟ್ಟ ದ್ವೀಪಕ್ಕೆ ಹೋಗಿದ್ದೆವು. ಮಲ್ಲೇಗ್ ಬಂದರಿನಿಂದ ದೋಣಿ. ದ್ವೀಪದ ಹೆಸರು ಎಗ್. (ಇಂಗ್ಲಿಷಿನಲ್ಲಿ ಬರೆಯುವ ಅಕ್ಷರಗಳು ಬೇರೆ, ಬಾಯಲ್ಲಿ ಹೇಳುವಾಗ ಮಾತ್ರ ಮೊಟ್ಟೆಯೇ.) ನಾವು ಇಳಿದುಕೊಂಡ ಮನೆಯ ಯಜಮಾನಿ ಕೋಣೆಯ ಬೀಗದ ಕೈ ಕೊಟ್ಟು ಒಂದು ಮಾತು ಹೇಳಿದರು: ಓವನ್, ಕೆಟಲ್, ಹೀಟರ್ ಮೂರನ್ನೂ ಒಟ್ಟಿಗೆ ಹಾಕಬೇಡಿ.

ನೂರರ ಆಸುಪಾಸಿನ ಜನ ಇರುವ ಊರು ಅದು. 1997ರಲ್ಲಿ ದೇಣಿಗೆ ಎತ್ತಿ, ಒಡೆಯನಿಂದ ದ್ವೀಪವನ್ನೇ ಕೊಂಡುಕೊಂಡರು. ಅಲ್ಲಿಯವರೆಗೆ, ಆಮೇಲೂ ಹತ್ತು ವರ್ಷ, ಮನೆಮನೆಗೂ ಡೀಸೆಲ್ ಜನರೇಟರ್. 2008ರ ಫೆಬ್ರುವರಿಯಲ್ಲಿ ಹಳ್ಳದ ನೀರು, ಗಾಳಿ, ಬಿಸಿಲು ಮೂರನ್ನೂ ಸೇರಿಸಿ ತಮ್ಮದೇ ವಿದ್ಯುತ್ ಜಾಲ ಮಾಡಿಕೊಂಡರು. ಸಮುದ್ರದಾಚೆಯ ಗ್ರಿಡ್‌ಗೆ ಯಾವ ಸಂಬಂಧವೂ ಇಲ್ಲ. ಇದ್ದಷ್ಟನ್ನು ಹಂಚಿಕೊಳ್ಳಬೇಕಾದ್ದರಿಂದ ಮನೆಗೊಂದು ಮಿತಿ: ಒಂದು ಹೊತ್ತಿಗೆ 5 ಕಿಲೊವ್ಯಾಟ್. ಅಂಗಡಿ, ಹೋಟೆಲಿಗೆ 10. ಮೀರಿದರೆ ಆ ಮನೆಯ ಕರೆಂಟ್ ಹೋಗುತ್ತದೆ. ಊರಿನವರೇ ಆದ ಮೇಲ್ವಿಚಾರಕರನ್ನು ಕರೆದು ಸರಿಮಾಡಿಸಿಕೊಳ್ಳಬೇಕು. ದೊಡ್ಡವರ ಮನೆಗೂ ಅದೇ 5, ಸಣ್ಣವರ ಮನೆಗೂ ಅದೇ 5.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸಮುದ್ರದ ಗಾಳಿಯಿಂದಲ್ಲ, ಆ 5ರಿಂದ. ಮೂವತ್ತು ವರ್ಷಗಳ ಹಿಂದೆ ನಮ್ಮ ತುಮಕೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ 5 ಕೆವಿಎ ಜನರೇಟರ್ ನೋಡಿದ್ದೆ. ಅದು ಒಂದು ಮನೆಗಲ್ಲ, ಇಡೀ ಊರಿಗೆ. ಓಡುತ್ತಿದ್ದುದು ಸಗಣಿಯ ಮೇಲೆ. ಆ ಊರಿನ ಕಥೆಯನ್ನು ನಮ್ಮ ಸಂಘದ ಮಕ್ಕಳಿಗೆ ಯಾರಾದರೂ ಹೇಳಿರಬಹುದು ಎಂದುಕೊಂಡು ವಿಚಾರಿಸಿದೆ. ಮಕ್ಕಳಿರಲಿ, ನನ್ನ ವಯಸ್ಸಿನವರೂ ಕೇಳಿರಲಿಲ್ಲ. ಅದಕ್ಕೇ ಈ ಬರಹ.

ಕರ್ನಾಟಕದ ವಿದ್ಯುತ್ತಿನ ಚರಿತ್ರೆ ಎಂದರೆ ನಾವೆಲ್ಲ ಎದೆಯುಬ್ಬಿಸಿ ಶಿವನಸಮುದ್ರ ಎನ್ನುತ್ತೇವೆ. ಹೆಮ್ಮೆಪಡುವಂಥದ್ದೇ. 1902ರಲ್ಲಿ ಕಾವೇರಿಯ ನೀರಿನಿಂದ ಹುಟ್ಟಿದ ವಿದ್ಯುತ್ತನ್ನು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಒಯ್ದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು. ನೀರಿನ ವಿದ್ಯುತ್ತು, ಹೊಗೆಯಿಲ್ಲ, ಮುಗಿಯುವುದೂ ಇಲ್ಲ. ಆದರೆ ಆ ತಂತಿ ದಾರಿಯ ಹಳ್ಳಿಗಳ ತಲೆಯ ಮೇಲೆ ಹಾದುಹೋಯಿತು. ಕೆಳಗಿನವರು ಮತ್ತೆಷ್ಟೋ ದಶಕ ಬುಡ್ಡಿ ದೀಪದಲ್ಲೇ ಉಂಡರು. ಹುಟ್ಟಿದ್ದು ನಮ್ಮ ನೀರಿನಲ್ಲೇ ಆದರೂ ಸ್ಥಳೀಯರಿಗೆ ಅದು ಸ್ಥಳೀಯವಾಗಿರಲಿಲ್ಲ.

ನಮ್ಮದು ತಿಪಟೂರಿನ ಕಡೆಯ ತೆಂಗಿನ ಸೀಮೆ. ಸೌದೆಗೆ ಬರವಿರಲಿಲ್ಲ, ಗರಿ, ಮಟ್ಟೆ, ಚಿಪ್ಪು ಏನು ಬೇಕಾದರೂ ಉಂಟು. ಅಮ್ಮ ಬೆಳಗಿನ ಜಾವ ಊದುಗೊಳವೆ ಹಿಡಿದು ಒಲೆಯ ಮುಂದೆ ಕೂತರೆ ಅಡುಗೆಮನೆಯಲ್ಲಿ ಅವಳ ಸೀರೆಯ ಬಣ್ಣ ಕಾಣುತ್ತಿರಲಿಲ್ಲ. ಗೋಡೆಯ ಇಲ್ಲಣ ಹಬ್ಬಕ್ಕೊಮ್ಮೆ ಕೆರೆದು ತೆಗೆಯುವಷ್ಟು. 1983ರಲ್ಲಿ ನಾನು ಹೌಸ್‌ಸರ್ಜನ್ ಆಗಿ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ, ಸಾಲಿನಲ್ಲಿ ನಿಂತ ನಡುವಯಸ್ಸಿನ ಹೆಂಗಸರಲ್ಲಿ ಅರ್ಧದಷ್ಟು ಜನ ಅಮ್ಮನಂತೆಯೇ ಕೆಮ್ಮುತ್ತಿದ್ದರು. ನಾವು ಕಫ ಪರೀಕ್ಷೆಗೆ ಬರೆಯುತ್ತಿದ್ದೆವು. ಕ್ಷಯ ಇಲ್ಲ ಎಂದು ಬಂದರೆ ಆಸ್ತಮಾ ಎಂದು ಡೆರಿಫಿಲಿನ್. ಅಮ್ಮನಿಗೂ ನಾನೇ ಕಫ ಪರೀಕ್ಷೆ ಮಾಡಿಸಿದೆ, ನಾನೇ ಮಾತ್ರೆ ಕೊಟ್ಟೆ. ನೀನು ಯಾವ ಒಲೆಯಲ್ಲಿ ಅಡುಗೆ ಮಾಡುತ್ತೀಯ ಎಂದು ಒಬ್ಬರನ್ನೂ ಕೇಳಲಿಲ್ಲ. ಗೊತ್ತಾಗುವಂತಿರಲಿಲ್ಲ ಎಂದು ಹೇಳಿಕೊಳ್ಳಲೂ ಆಗುವುದಿಲ್ಲ. ದೆಹಲಿಯ ಹೃದ್ರೋಗ ತಜ್ಞೆ ಡಾ. ಎಸ್. ಪದ್ಮಾವತಿಯವರು 1959ರಲ್ಲೇ, ಶ್ವಾಸಕೋಶದ ಕಾಯಿಲೆಯಿಂದ ಹೃದಯದ ಬಲಭಾಗ ಸೋತುಬಂದ 127 ರೋಗಿಗಳ ಬಗ್ಗೆ ಬರೆದಿದ್ದರು. ಬೀಡಿ ಮುಟ್ಟದ ಹೆಂಗಸರಿಗೂ ಗಂಡಸರಷ್ಟೇ ಇದು ಬರುತ್ತಿರುವುದನ್ನು ಕಂಡು ಒಲೆಯ ಹೊಗೆಯ ಕಡೆ ಬೆರಳು ತೋರಿಸಿದ್ದರು. ನಾನು ಅದನ್ನು ಓದಿದ್ದು ಇಂಗ್ಲೆಂಡಿನ ಆಸ್ಪತ್ರೆಯೊಂದರ ಲೈಬ್ರರಿಯಲ್ಲಿ, ಅಮ್ಮನ ಕಾಲುಗಳು ಊದಿಕೊಳ್ಳತೊಡಗಿದ ಮೇಲೆ.

ನಮ್ಮ ಜಿಲ್ಲೆಯಲ್ಲೇ ಆ ಒಲೆಯ ಲೆಕ್ಕ ಹಿಡಿದವರು ವೈದ್ಯರಲ್ಲ, ಒಬ್ಬ ರಸಾಯನ ವಿಜ್ಞಾನಿ. ಅಮೂಲ್ಯ ಕುಮಾರ್ ಎನ್. ರೆಡ್ಡಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ರಸಾಯನಶಾಸ್ತ್ರದ ದೊಡ್ಡ ಹೆಸರು; ಬೋಕ್ರಿಸ್ ಜೊತೆ ಬರೆದ ಅವರ ಪಠ್ಯಪುಸ್ತಕ ಜಗತ್ತಿನಾದ್ಯಂತ ಓದಿಸಿಕೊಂಡಿದೆ. ಅಂಥವರು 1974ರಲ್ಲಿ ಕೆಲವು ಸಹೋದ್ಯೋಗಿಗಳೊಂದಿಗೆ ‘ಅಸ್ತ್ರ’ ಎಂಬ ಕೇಂದ್ರ ಕಟ್ಟಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನವನ್ನು ಹಳ್ಳಿಯಲ್ಲೇ ಕೂತು ಹುಡುಕುವುದು ಉದ್ದೇಶ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅವರ ವಿಸ್ತರಣಾ ಕೇಂದ್ರ. ಅಲ್ಲಿಂದ ಸುತ್ತಮುತ್ತಲ ಆರು ಹಳ್ಳಿಗಳಲ್ಲಿ ಯಾರು ಎಷ್ಟು ಸೌದೆ ಸುಡುತ್ತಾರೆ, ಎಷ್ಟು ಹೊತ್ತು ನೀರು ಹೊರುತ್ತಾರೆ ಎಂದು ಮನೆಮನೆಗೆ ಹೋಗಿ ಅಳೆದರು. ಆ ಆರರಲ್ಲಿ ಒಂದು ಪುರ. 1977ರಲ್ಲಿ 56 ಮನೆ, 357 ಜನ.

ಅಳತೆಯಲ್ಲಿ ಬಂದದ್ದು ಇದು: ಊರು ಬಳಸುವ ಶಕ್ತಿಯಲ್ಲಿ ಸುಮಾರು ಶೇ 89 ಸೌದೆ. ವಿದ್ಯುತ್ತು ಶೇ 1ರ ಆಸುಪಾಸು. ತಂತಿ ಊರಿಗೆ ಬಂದಿತ್ತು, ಮನೆಗಳ ಒಳಗೆ ಅಷ್ಟಾಗಿ ಬಂದಿರಲಿಲ್ಲ. ಮನುಷ್ಯರ ಮೈಶಕ್ತಿಯ ಪಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರದು. ಮಕ್ಕಳದೂ ಕಡಿಮೆಯೇನಲ್ಲ. ‘ಇಂಧನ’ ಎಂಬ ಪದ ಕೇಳಿದರೆ ನಮಗೆ ಕಲ್ಲಿದ್ದಲು, ಪೆಟ್ರೋಲ್ ನೆನಪಾಗುತ್ತದೆ. ಪುರದ ಪಟ್ಟಿಯಲ್ಲಿ ಹೆಂಗಸಿನ ಸೊಂಟವೂ ಹುಡುಗನ ಕಾಲೂ ಇಂಧನದ ಲೆಕ್ಕದಲ್ಲಿದ್ದವು. ಸಾವಿರಾರು ವರ್ಷಗಳಿಂದ ಯಾರೂ ಬರೆಯದ ಲೆಕ್ಕ.

ಮೊದಲ ಪ್ರಯತ್ನ ಸೋತಿತು. ಊರಿನ ಸಗಣಿಯನ್ನೆಲ್ಲ ಒಂದೆಡೆ ಸೇರಿಸಿ ದೊಡ್ಡ ಗೋಬರ್ ಗ್ಯಾಸ್ ಸ್ಥಾವರ ಮಾಡಿ, ಎಲ್ಲರ ಅಡುಗೆಗೂ ಗ್ಯಾಸ್ ಕೊಡುವ ಯೋಚನೆ ಅದು. ಲೆಕ್ಕ ಹಾಕಿದಷ್ಟು ಸಗಣಿ ಬರಲಿಲ್ಲ, ಎಲ್ಲ ಮನೆಯ ಅಡುಗೆಗೆ ಸಾಲುವಷ್ಟು ಗ್ಯಾಸ್ ಸಿಗಲಿಲ್ಲ. ಜೊತೆಗೆ ಇನ್ನೊಂದು ಸಂಗತಿ. ಸೌದೆಯನ್ನು ಪುರದವರು ಕೊಳ್ಳುತ್ತಿರಲಿಲ್ಲ, ಆಯ್ದು ತರುತ್ತಿದ್ದರು. ಅವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ಆರೋಗ್ಯ ಕೇಂದ್ರದಲ್ಲಿ ದಿನಾ ಭೇದಿ, ಕಾಮಾಲೆ ನೋಡಿದ ನನಗೆ ಇದು ಆಶ್ಚರ್ಯವೆನಿಸುವುದಿಲ್ಲ. ವಿಜ್ಞಾನಿಗಳ ದೊಡ್ಡತನ ಏನೆಂದರೆ, ಜನರಿಗೆ ತಿಳಿವಳಿಕೆ ಸಾಲದು ಎಂದು ವರದಿ ಬರೆದು ಬೆಂಗಳೂರಿಗೆ ಹೋಗಿಬಿಡಲಿಲ್ಲ. ಯೋಜನೆಯನ್ನೇ ತಿರುಗಿಸಿದರು. ಗ್ಯಾಸ್ ಅಡುಗೆಗಲ್ಲ, ಎಂಜಿನ್‌ಗೆ. ಸ್ವಲ್ಪ ಡೀಸೆಲ್, ಬಹುಪಾಲು ಗೋಬರ್ ಗ್ಯಾಸ್ ಕುಡಿದು ಓಡುವ 7 ಅಶ್ವಶಕ್ತಿಯ ಎಂಜಿನ್; ಅದಕ್ಕೆ ಜನರೇಟರ್; ಆ ವಿದ್ಯುತ್ತಿನಿಂದ ಕೊಳವೆಬಾವಿಯ ನೀರು ಬೀದಿ ನಲ್ಲಿಗೆ, ಸಂಜೆ ಮನೆಗಳಿಗೆ ದೀಪ. 1987ರಲ್ಲಿ ಇದು ಶುರುವಾಯಿತು.

ನಾನು ಪುರ ನೋಡಿದ್ದು 1991ರ ಚಳಿಗಾಲದಲ್ಲಿ, ರಜೆಯ ಮೇಲೆ ಊರಿಗೆ ಹೋಗಿದ್ದಾಗ. ಕುಣಿಗಲ್ ಕಡೆಯ ನನ್ನ ಸೋದರಮಾವ ಬಜಾಜ್ ಸ್ಕೂಟರಿನಲ್ಲಿ ಬೆಳಿಗ್ಗೆಯೇ ಕರೆದುಕೊಂಡು ಹೋದರು. ಹೆಂಗಸರು, ಮಕ್ಕಳು ಮಂಕರಿಯಲ್ಲಿ ಸಗಣಿ ಹೊತ್ತು ಸಾಲಾಗಿ ಬರುತ್ತಿದ್ದರು. ತಕ್ಕಡಿಯಲ್ಲಿ ತೂಕ. ಊರಿನ ಹುಡುಗನೊಬ್ಬ ಪ್ರತಿ ಮನೆಯ ಪುಸ್ತಕದಲ್ಲೂ ಬರೆದುಕೊಡುತ್ತಿದ್ದ. ತಂದ ಕೂಲಿ ಎಂದು ಕೆ.ಜಿ.ಗೆ 2 ಪೈಸೆ. ಗ್ಯಾಸ್ ತೆಗೆದ ಮೇಲೆ ಉಳಿಯುವ ಬಗ್ಗಡವನ್ನು ಮರಳಿನ ಮೇಲೆ ಬಸಿದು, ಯಾರು ಎಷ್ಟು ತಂದಿದ್ದರೋ ಅದೇ ಲೆಕ್ಕದಲ್ಲಿ ಗೊಬ್ಬರವಾಗಿ ವಾಪಸು. ತಿಪ್ಪೆಗೆ ನಷ್ಟವಿಲ್ಲ. ನಾನು ನಿಂತು ನೋಡುವುದನ್ನು ಕಂಡು ಒಬ್ಬಾಕೆ, “ಏನ್ ಸ್ವಾಮಿ, ಸಗಣಿ ನೋಡಕ್ಕೆ ಅಷ್ಟು ದೂರದಿಂದ ಬಂದ್ರಾ?” ಎಂದು ನಕ್ಕರು. ಪುಸ್ತಕ ತೋರಿಸಿ ಎಂದೆ. ಮಡಿಲಿನಿಂದ ತೆಗೆದು ಕೊಟ್ಟರು. ಓದಲು ಬರುತ್ತಿರಲಿಲ್ಲ ಅವರಿಗೆ. ಆದರೆ ನಿನ್ನೆಯ ತೂಕ ಎಷ್ಟು, ಮೊನ್ನೆಯದು ಎಷ್ಟು ಎಂದು ಪುಸ್ತಕ ನೋಡದೆಯೇ ಹೇಳಿದರು. ಪುಸ್ತಕದಲ್ಲಿ ಅಷ್ಟೇ ಇತ್ತು.

ಸಂಜೆಯವರೆಗೂ ಇದ್ದೆವು. ಎಂಜಿನ್ ಶುರುವಾಯಿತು, 20 ವ್ಯಾಟಿನ ಟ್ಯೂಬ್‌ಲೈಟುಗಳು ಮಿಣುಕಿ ಹತ್ತಿಕೊಂಡವು. ಕುಣಿಗಲ್ ಪಟ್ಟಣದಲ್ಲಿ ಆ ಹೊತ್ತಿಗೆ ಕರೆಂಟ್ ಹೋಗಿತ್ತೆಂದು ಹಿಂದಿರುಗುವಾಗ ತಿಳಿಯಿತು. ಮಾವ ದಾರಿಯುದ್ದಕ್ಕೂ ನಗುತ್ತಲೇ ಇದ್ದರು.

ದೀಪಕ್ಕೂ ನಲ್ಲಿಗೂ ತಿಂಗಳಿಗೆ ಇಷ್ಟು ಎಂದು ಹಣ ಕಟ್ಟಬೇಕಾಗಿತ್ತು. ಕಟ್ಟದಿದ್ದರೆ ಸಂಪರ್ಕ ಕತ್ತರಿಸುವ ಅಧಿಕಾರ ಊರಿನ ಸಮಿತಿಗೆ. ರೆಡ್ಡಿಯವರು ಇದನ್ನು ಹಿಡಿದು ಮುಂದೆ ಒಂದು ಪ್ರಸಿದ್ಧ ವಾದ ಮಾಡಿದರು. ಎಲ್ಲರಿಗೂ ಸೇರಿದ್ದನ್ನು ಎಲ್ಲರೂ ದೋಚಿ ಹಾಳುಮಾಡುತ್ತಾರೆ ಎಂದು 1968ರಲ್ಲಿ ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ಜೀವವಿಜ್ಞಾನಿ ಬರೆದಿದ್ದರು. ಆ ಲೇಖನ ಜಗತ್ತಿನ ಕಾಲೇಜುಗಳಲ್ಲೆಲ್ಲ ಪಾಠವಾಗಿತ್ತು. ಪುರದಲ್ಲಿ ಹಾಗಾಗಲಿಲ್ಲ ಎಂದು 1995ರಲ್ಲಿ ರೆಡ್ಡಿ ತೋರಿಸಿದರು. ಸಗಣಿ ಕೊಡದಿದ್ದರೆ, ಹಣ ಕಟ್ಟದಿದ್ದರೆ ತನ್ನ ಮನೆಗೇ ಕತ್ತಲು, ತನಗೇ ಕೆರೆಯ ನೀರು. ಊರಿನ ಹಿತವೂ ಮನೆಯ ಹಿತವೂ ಒಂದೇ ದಾರಿಯಲ್ಲಿ ನಡೆಯುವಂತೆ ಏರ್ಪಾಡು ಮಾಡಿದರೆ ದೋಚುವ ಮಾತು ಬರುವುದಿಲ್ಲ.

ನನಗೊಂದು ತಕರಾರಿದೆ, ವೈದ್ಯನ ತಕರಾರು. ದೀಪ ಬಂತು, ನೀರು ಬಂತು, ಆದರೆ ಗ್ಯಾಸ್ ಎಂಜಿನ್‌ಗೆ ಹೋದದ್ದರಿಂದ ಅಡುಗೆಮನೆಯ ಹೊಗೆ ಹಾಗೆಯೇ ಉಳಿಯಿತು. ಅದಕ್ಕೆ ಅಸ್ತ್ರದವರೇ ಬೇರೆ ಉತ್ತರ ಹುಡುಕಿದ್ದರು ಎನ್ನುವುದನ್ನೂ ಹೇಳಬೇಕು: ಹೊಗೆಯನ್ನು ಕೊಳವೆಯಲ್ಲಿ ಸೂರಿನಾಚೆ ಕಳಿಸುವ, ಕಡಿಮೆ ಸೌದೆ ಕೇಳುವ ಮಣ್ಣಿನ ಒಲೆ. ‘ಅಸ್ತ್ರ ಒಲೆ’ ಎಂದರೆ ಇದನ್ನು ಓದುವ ಎಷ್ಟೋ ಜನರಿಗೆ ಅಜ್ಜಿಯ ಮನೆ ನೆನಪಾದೀತು. ನಮ್ಮ ಮನೆಗೂ ಅದು ಬಂತು. ಅಮ್ಮ ಅದರಲ್ಲಿ ಎರಡು ವರ್ಷ ಅಡುಗೆ ಮಾಡಿದಳು. ಆಗಲೇ ತಡವಾಗಿತ್ತು.

ಪುರದ ಸ್ಥಾವರ ಹತ್ತು ವರ್ಷದ ಮೇಲೆ ನಡೆದು, ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ನಿಂತುಹೋಯಿತು. ಗೆದ್ದದ್ದನ್ನು ಬರೆದ ರೆಡ್ಡಿಯವರೇ, ತೀರಿಹೋಗುವ ಎರಡು ವರ್ಷ ಮೊದಲು, 2004ರಲ್ಲಿ ಅದರಿಂದ ಕಲಿಯಬೇಕಾದ ಪಾಠಗಳ ಬಗ್ಗೆಯೂ ಬರೆದರು. ನನ್ನ ಅಭಿಪ್ರಾಯ ಇಷ್ಟು. ಭಾಗ್ಯಜ್ಯೋತಿಯಂಥ ಯೋಜನೆಯಲ್ಲಿ ಸರ್ಕಾರ ಬಡವರ ಮನೆಗೆ ಪುಕ್ಕಟೆ ಬಲ್ಬು ಕೊಡುವಾಗ, ಪಕ್ಕದಲ್ಲೇ ಸಗಣಿ ಹೊತ್ತು ಹಣವನ್ನೂ ಕಟ್ಟಿ ದೀಪ ಪಡೆಯುವುದು ಬಹಳ ಕಾಲ ನಡೆಯುವ ಮಾತಲ್ಲ. ಎಗ್ ದ್ವೀಪದವರಿಗೆ ಬೇರೆ ತಂತಿಯೇ ಇರಲಿಲ್ಲ. ಅದು ಅವರ ಕಷ್ಟವೂ ಹೌದು, ಅದೃಷ್ಟವೂ ಹೌದು. ಜೊತೆಗೆ ಅವರು ಮೊದಲು ನೆಲ ಕೊಂಡರು, ಆಮೇಲೆ ವಿದ್ಯುತ್ತು ಮಾಡಿಕೊಂಡರು. ಪುರದಲ್ಲಿ ಸ್ಥಾವರವನ್ನು ನಡೆಸುತ್ತಿದ್ದವರು ಊರಿನವರಾದರೂ, ಅದು ಕೆಟ್ಟರೆ ನೋಡುವ ಕಣ್ಣು ಬೆಂಗಳೂರಿನ ಕಡೆ ಇತ್ತೇನೋ ಎಂಬ ಅನುಮಾನ ನನಗೆ ಇದ್ದೇ ಇದೆ.

ಈ ಅನುಮಾನ ಪುಸ್ತಕ ಓದಿ ಬಂದದ್ದಲ್ಲ. ಹದಿನೈದು ವರ್ಷಗಳ ಹಿಂದೆ ಇಲ್ಲಿನ ನಾವು ಐದಾರು ಗೆಳೆಯರು ಹಣ ಹಾಕಿ ನಮ್ಮ ಕಡೆಯ ಒಂದು ಹಳ್ಳಿಗೆ ಸೋಲಾರ್ ಬೀದಿ ದೀಪ ಹಾಕಿಸಿದೆವು. ಉದ್ಘಾಟನೆಗೆ ನಾನೇ ಹೋಗಿದ್ದೆ. ಹಾರ, ಶಾಲು, ಮೈಸೂರು ಪೇಟ ಎಲ್ಲ ಆಯಿತು. ಮೂರನೆಯ ವರ್ಷ ಹೋದಾಗ ಕಂಬಗಳಿದ್ದವು, ಬ್ಯಾಟರಿಗಳು ಸತ್ತಿದ್ದವು. ಒಂದು ಕಂಬಕ್ಕೆ ಎಮ್ಮೆ ಕಟ್ಟಿದ್ದರು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, “ನಿಮ್ಮ ದೀಪ ಹೋಗಿ ವರ್ಷ ಆಯ್ತಲ್ಲ ಡಾಕ್ಟ್ರೇ, ನೀವು ಬರಲೇ ಇಲ್ಲ” ಎಂದರು ಅಲ್ಲಿನ ಹಿರಿಯರು. ನಿಮ್ಮ ದೀಪ! ತಪ್ಪು ಅವರದಲ್ಲ, ನಮ್ಮದೇ. ಬ್ಯಾಟರಿಗೆ ಆಯುಸ್ಸು ಎಷ್ಟು, ಹೊಸದಕ್ಕೆ ಹಣ ಯಾರು ಕೂಡಿಡಬೇಕು ಎಂದು ನಾವು ಹೇಳಿರಲೂ ಇಲ್ಲ, ಕೇಳಿರಲೂ ಇಲ್ಲ. ಕರ್ನಾಟಕದಲ್ಲೇ 1995ರಲ್ಲಿ ಹರೀಶ್ ಹಂದೆಯವರು ಕಟ್ಟಿದ ಸೆಲ್ಕೊ ಬಡವರಿಗೆ ಸೋಲಾರನ್ನು ದಾನ ಕೊಡದೆ, ಬ್ಯಾಂಕ್ ಸಾಲ ಮತ್ತು ಮನೆಬಾಗಿಲ ರಿಪೇರಿಯ ಏರ್ಪಾಡಿನೊಂದಿಗೆ ಮಾರಿತ್ತು. ಅದು ಗೊತ್ತಿದ್ದರೂ ನಮಗೆ ಶಾಲಿನ ಆಸೆ ಹೆಚ್ಚಾಗಿತ್ತು.

ಈ ವರ್ಷ ಅದೇ ಹಳ್ಳಿಯಿಂದ ಶಾಲೆಗೂ ನೀರಿನ ಪಂಪಿಗೂ ಸೋಲಾರ್ ಕೇಳಿ ಮತ್ತೆ ಪತ್ರ ಬಂದಿದೆ. ನಾನು ಹಣದ ಮಾತಿಗೆ ಮೊದಲು ಪುರದ ಕಥೆಯನ್ನು ನಾಲ್ಕು ಪುಟ ಬರೆದು ಕಳಿಸಿದೆ. ಒಂದು ತಿಂಗಳು ಉತ್ತರವಿಲ್ಲ. ಡಾಕ್ಟರಿಗೆ ವಯಸ್ಸಾಯಿತು, ಪುರಾಣ ಹೇಳುತ್ತಿದ್ದಾರೆ ಎಂದುಕೊಂಡಿರಬೇಕು. ಕಳೆದ ವಾರ ಅಲ್ಲಿನ ಸ್ತ್ರೀಶಕ್ತಿ ಸಂಘದವರು ಫೋನ್ ಮಾಡಿದರು. ಮನೆಗೆ ತಿಂಗಳಿಗೆ ಮೂವತ್ತು ರೂಪಾಯಿ ಎತ್ತುತ್ತಾರಂತೆ, ಬ್ಯಾಟರಿಗೆಂದೇ ಬೇರೆ ಖಾತೆ ತೆರೆಯುತ್ತಾರಂತೆ. ಮೂವತ್ತು ಸಾಲುತ್ತದೆಯೇ ಎಂದು ಲೆಕ್ಕ ಹಾಕಿ ಹೇಳಿ ಎಂದರು. ಸಾಲುವುದಿಲ್ಲ, ನಲವತ್ತೈದಾದರೂ ಬೇಕು ಎಂದೆ. ಸಭೆ ಕರೆದು ಹೇಳುತ್ತೇವೆ ಎಂದು ಫೋನ್ ಇಟ್ಟಿದ್ದಾರೆ.